ಕಂಪಿಸುವ ಬೆರಳು, ಕಾಯುವ ಯಂತ್ರ

ಒಬ್ಬರು ಮಾತನಾಡುತ್ತಿರುವಾಗ ನಡುವೆ ಬಾಯಿ ಹಾಕಬಾರದೆಂಬುದು ಮನೆಯ ಹಿರಿಯರು ಮಕ್ಕಳಿಗೆ ಕಲಿಸುವ ಮೊದಲ ಪಾಠಗಳಲ್ಲಿ ಒಂದು. ಕೇಳುವವನು ಮಾತು ಮುಗಿಯುವವರೆಗೆ ಕಾಯಬೇಕು. ಮುಗಿಯಿತೆಂದು ತಿಳಿದ ಮೇಲೆ ಉತ್ತರ ಕೊಡಲು ತಡಮಾಡಲೂ ಬಾರದು. ಮೊದಲನೆಯದನ್ನು ತಪ್ಪಿದವನು ದುಡುಕಿನವನೆನಿಸುತ್ತಾನೆ, ಎರಡನೆಯದನ್ನು ತಪ್ಪಿದವನು ಉದಾಸೀನನೆನಿಸುತ್ತಾನೆ. ಈ ಎರಡು ದೋಷಗಳ ನಡುವಣ ಕಿರಿದಾದ ಹಾದಿಯನ್ನೇ ಲೋಕವು ಸೌಜನ್ಯವೆಂದು ಕರೆದಿದೆ.

ಈ ಹಳೆಯ ಪಾಠವನ್ನು ಇಂದು ಯಂತ್ರಗಳಿಗೂ ಕಲಿಸಬೇಕಾಗಿ ಬಂದಿದೆ. ಗಣಕಯಂತ್ರದ ಮುಂದೆ ಕುಳಿತವನು ಒಂದು ಕೀಲಿಯನ್ನು ಒತ್ತಿದಾಗ, ಮೊಬೈಲಿನ ಪರದೆಯನ್ನು ಮುಟ್ಟಿದಾಗ, ಪುಟವನ್ನು ಮೇಲೆ ಕೆಳಗೆ ಸರಿಸಿದಾಗ ಅಂತರಜಾಲದ ತಂತ್ರಾಂಶಕ್ಕೆ ಪ್ರತಿ ಸಲವೂ ಒಂದೊಂದು ಸುದ್ದಿ ಮುಟ್ಟುತ್ತದೆ. ಒಂದು ನಿಮಿಷದಲ್ಲಿ ಇಂತಹ ನೂರಾರು ಸುದ್ದಿಗಳು ಬರಬಹುದು. ಅವುಗಳಲ್ಲಿ ಮನುಷ್ಯನು ನಿಜವಾಗಿ ಹೇಳಬಯಸಿದ್ದು ಯಾವುದು, ಬೆರಳಿನ ಓಟದಲ್ಲಿ ತಾನಾಗಿ ಹುಟ್ಟಿದ್ದು ಯಾವುದು ಎಂಬುದನ್ನು ವಿಂಗಡಿಸುವ ಕ್ರಮವೊಂದಕ್ಕೆ ತಂತ್ರಜ್ಞರು ಡಿಬೌನ್ಸಿಂಗ್ ಎಂದು ಹೆಸರಿಟ್ಟಿದ್ದಾರೆ. ಪುಟಿತವನ್ನು ಅಡಗಿಸುವುದು ಎಂದು ಆ ಪದದ ಅರ್ಥ. ಹತ್ತು ಹನ್ನೆರಡು ಸಾಲುಗಳಲ್ಲಿ ಬರೆದು ಮುಗಿಸಬಹುದಾದ ಈ ಸಣ್ಣ ಕ್ರಮದ ಹಿಂದೆ ದೊಡ್ಡದೊಂದು ಪ್ರಶ್ನೆಯಿದೆ: ಇನ್ನೊಬ್ಬರ ಮೌನದಿಂದ ಎಷ್ಟನ್ನು ಊಹಿಸಿಕೊಳ್ಳಲು ಕೇಳುವವನಿಗೆ ಹಕ್ಕಿದೆ?

ಈ ಪದವು ಮೊದಲು ಹುಟ್ಟಿದ್ದು ಅಂತರಜಾಲದಲ್ಲಲ್ಲ, ವಿದ್ಯುತ್ತಿನ ಗುಂಡಿಗಳ ವಿಷಯದಲ್ಲಿ. ಸ್ವಿಚ್ಚನ್ನು ಅದುಮಿದಾಗ ಒಳಗಿನ ಎರಡು ಲೋಹದ ಪಟ್ಟಿಗಳು ಒಂದನ್ನೊಂದು ಕೂಡುತ್ತವೆ. ಕಲ್ಲಿನ ನೆಲಕ್ಕೆ ಬಿದ್ದ ಗೋಲಿಯು ಒಮ್ಮೆಲೇ ನಿಲ್ಲದೆ ನಾಲ್ಕಾರು ಸಲ ಪುಟಿದು ನಿಲ್ಲುವಂತೆ, ಆ ಪಟ್ಟಿಗಳೂ ಕೂಡಿ, ಅಗಲಿ, ಮತ್ತೆ ಕೂಡಿ ಕೊನೆಗೆ ನೆಲೆಗೊಳ್ಳುತ್ತವೆ. ದೀಪ ಹೊತ್ತಿಸುವ ಮನುಷ್ಯನಿಗೆ ಇದು ತಿಳಿಯುವುದೇ ಇಲ್ಲ. ಆದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗವನ್ನೂ ದೀರ್ಘ ಕಾಲವೆಂದೆಣಿಸುವ ಗಣಕಯಂತ್ರಕ್ಕೆ ಒಂದೇ ಒತ್ತು ಹತ್ತಾರು ಒತ್ತುಗಳಾಗಿ ಕಾಣುತ್ತದೆ. ಜ್ಯಾಕ್ ಗ್ಯಾನ್ಸಲ್ ಎಂಬ ಅಮೆರಿಕದ ಎಂಜಿನಿಯರರು 18 ಸ್ವಿಚ್ಚುಗಳನ್ನು ಆರಿಸಿಕೊಂಡು, ಒಂದೊಂದನ್ನೂ 300 ಸಲ ಒತ್ತಿ ಈ ಪುಟಿತವನ್ನು ಅಳೆದರು. ಎರಡನ್ನು ಬಿಟ್ಟು ಉಳಿದವುಗಳಲ್ಲಿ ಅದು ಸರಾಸರಿ ಒಂದೂವರೆ ಮಿಲಿಸೆಕೆಂಡಿನಲ್ಲಿ ಅಡಗಿತು. ಅತಿ ಹೆಚ್ಚೆಂದರೆ 6.2 ಮಿಲಿಸೆಕೆಂಡು. ಆದರೆ ಬಿಟ್ಟುಹೋದವುಗಳಲ್ಲಿ ಒಂದು 157 ಮಿಲಿಸೆಕೆಂಡುಗಳವರೆಗೆ ಕಂಪಿಸುತ್ತಲೇ ಇತ್ತು. ಹೊರಗೆ ಒಂದೇ ಬಗೆಯಾಗಿ ಕಾಣುವ ಗುಂಡಿಗಳಿಗೂ ಒಂದೇ ಅಳತೆ ಹೊಂದುವುದಿಲ್ಲವೆಂಬುದು ಇದರಿಂದ ದೊರೆತ ಮೊದಲ ತಿಳಿವಳಿಕೆ.

ಈ ಕಂಪನವನ್ನು ಅಡಗಿಸಲು ಎಂಜಿನಿಯರರು ಹಲವು ಉಪಾಯಗಳನ್ನು ಕಂಡುಕೊಂಡರು. ಅವುಗಳಲ್ಲಿ ಒಂದರ ಚರಿತ್ರೆ ಸ್ವಾರಸ್ಯವಾದುದು. ಆಟೋ ಸ್ಮಿತ್ ಎಂಬ ವಿಜ್ಞಾನಿಯು 1934ರಲ್ಲಿ, ಇನ್ನೂ ಸಂಶೋಧನ ವಿದ್ಯಾರ್ಥಿಯಾಗಿದ್ದಾಗಲೇ, ಸ್ಕ್ವಿಡ್ ಎಂಬ ಕಡಲಜೀವಿಯ ನರಗಳಲ್ಲಿ ಸಂದೇಶವು ಹರಿಯುವ ಬಗೆಯನ್ನು ಅಭ್ಯಾಸ ಮಾಡುತ್ತ ಒಂದು ವಿದ್ಯುನ್ಮಂಡಲವನ್ನು ರಚಿಸಿದನು. ಅದಕ್ಕೆ ಇಂದಿಗೂ ಸ್ಮಿತ್ ಟ್ರಿಗರ್ ಎಂದೇ ಹೆಸರು. ಸಾಮಾನ್ಯ ಮಂಡಲಕ್ಕೆ ಒಂದೇ ಹೊಸ್ತಿಲು. ಒತ್ತಡವು ಅದರ ಸುತ್ತ ಅಲುಗಾಡಿದಷ್ಟೂ ಸಲ ಅದು ಹೌದು, ಅಲ್ಲ ಎಂದು ಮಾತು ಬದಲಿಸುತ್ತಿರುತ್ತದೆ. ಸ್ಮಿತ್‌ನ ಮಂಡಲಕ್ಕೆ ಎರಡು ಹೊಸ್ತಿಲುಗಳು. ಹೌದೆನ್ನಲು ಮೇಲಿನದನ್ನು ದಾಟಬೇಕು. ಒಮ್ಮೆ ಹೌದೆಂದ ಮೇಲೆ ಅಲ್ಲವೆನ್ನಲು ಕೆಳಗಿನದನ್ನು ದಾಟಿ ಇಳಿಯಬೇಕು. ನಡುವಣ ಸಣ್ಣ ಅಲುಗಾಟಗಳಿಗೆ ಅದು ಕಿವಿಗೊಡುವುದಿಲ್ಲ. ಗಳಿಗೆಗೊಮ್ಮೆ ಮಾತು ಬದಲಿಸದಿರುವ ಈ ಸ್ಥೈರ್ಯವನ್ನು ಯಂತ್ರವು ಜೀವಿಯ ನರದಿಂದ ಕಲಿತುಕೊಂಡಿತೆಂಬುದು ನೆನಪಿಡತಕ್ಕ ಸಂಗತಿ.

ಅಂತರಜಾಲಕ್ಕೆ ಈ ವಿಚಾರವು ಕಾಲಿಟ್ಟಿದ್ದು ಬಹಳ ತಡವಾಗಿ. 1995ರಲ್ಲಿ ಬ್ರೆಂಡನ್ ಐಕ್ ಅವರು ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯನ್ನು ರೂಪಿಸಿದಾಗ ಪುಟಗಳು ಬಹುಮಟ್ಟಿಗೆ ಓದುವುದಕ್ಕಷ್ಟೇ ಇದ್ದವು. ಒಂದು ನಮೂನೆಯನ್ನು ಭರ್ತಿ ಮಾಡಿ ಗುಂಡಿಯನ್ನೊತ್ತಿದರೆ ಇಡೀ ಪುಟವೇ ಹೊಸದಾಗಿ ಬರುತ್ತಿತ್ತು. 2004ರ ಡಿಸೆಂಬರಿನಲ್ಲಿ ಗೂಗಲ್ ಸಂಸ್ಥೆಯು ಒಂದೊಂದು ಅಕ್ಷರವನ್ನು ಒತ್ತುತ್ತಿದ್ದಂತೆಯೇ ಹುಡುಕಾಟದ ಸಲಹೆಗಳನ್ನು ತೋರಿಸುವ ಪ್ರಯೋಗವನ್ನು ಜನರ ಮುಂದಿಟ್ಟಿತು. ಮರುವರ್ಷ ಜೆಸ್ಸಿ ಜೇಮ್ಸ್ ಗ್ಯಾರೆಟ್ ಅವರು ಇಂತಹ ಪುಟಗಳ ಹಿಂದಿನ ತಂತ್ರಕ್ಕೆ ಅಜಾಕ್ಸ್ ಎಂಬ ಹೆಸರು ಕೊಟ್ಟರು. ಅಂದಿನಿಂದ ಪುಟವು ಓದುಗನ ಪ್ರತಿಯೊಂದು ಬೆರಳಿನ ಚಲನೆಯನ್ನೂ ದೂರದ ಸರ್ವರಿಗೆ ವರದಿಮಾಡಬಲ್ಲದಾಯಿತು. ಲೋಹದ ಪಟ್ಟಿಗಳ ಸಮಸ್ಯೆ ಈಗ ಮನುಷ್ಯನ ಬೆರಳುಗಳ ಸಮಸ್ಯೆಯಾಗಿ ಮರಳಿತು. 2009ರಲ್ಲಿ ಜಾನ್ ಹ್ಯಾನ್ ಎಂಬ ತಂತ್ರಜ್ಞರು ವಿದ್ಯುನ್ಮಾನ ಶಾಸ್ತ್ರದ ಹಳೆಯ ಪದವನ್ನೇ ಎರವಲು ಪಡೆದು ಜಾವಾಸ್ಕ್ರಿಪ್ಟಿನಲ್ಲಿ ಡಿಬೌನ್ಸಿಂಗ್ ಮಾಡುವ ಬಗೆಯನ್ನು ವಿವರಿಸಿದರು. ಮುಂದೆ ಅಂಡರ್‌ಸ್ಕೋರ್, ಲೋಡ್ಯಾಶ್ ಮುಂತಾದ ಸಿದ್ಧ ತಂತ್ರಾಂಶ ಸಂಗ್ರಹಗಳಲ್ಲಿ ಇದು ನಿತ್ಯದ ಉಪಕರಣವಾಯಿತು.

ಇದರ ಕಾರ್ಯವಿಧಾನವು ಊರಿನ ಬಸ್ ನಿಲ್ದಾಣವನ್ನು ಕಂಡವರಿಗೆ ಸುಲಭವಾಗಿ ತಿಳಿಯುತ್ತದೆ. ಕೊನೆಯ ಪ್ರಯಾಣಿಕನು ಹತ್ತಿದನೆಂದು ತೋರಿದ ಮೇಲೆ ನಿರ್ವಾಹಕನು ಒಂದು ಕ್ಷಣ ಕಾದು ಸೀಟಿ ಊದುತ್ತಾನೆ. ಅಷ್ಟರಲ್ಲಿ ಇನ್ನೊಬ್ಬನು ಓಡಿಬಂದು ಹತ್ತಿದರೆ, ಕಾಯುವಿಕೆ ಮತ್ತೆ ಮೊದಲಿನಿಂದ ಆರಂಭ. ತಂತ್ರಾಂಶವೂ ಹೀಗೆಯೇ. ಒಂದು ಕೀಲಿಯನ್ನು ಒತ್ತಿದಾಗ ಅದು ಕೆಲಸವನ್ನು ಕೂಡಲೇ ಮಾಡದೆ, ಹೇಳಿಕೊಳ್ಳೋಣ, 300 ಮಿಲಿಸೆಕೆಂಡುಗಳ ಒಂದು ಗಡುವನ್ನು ಇಟ್ಟುಕೊಳ್ಳುತ್ತದೆ. ಗಡುವು ಮುಗಿಯುವ ಮುನ್ನ ಇನ್ನೊಂದು ಕೀಲಿ ಬಂದರೆ ಹಳೆಯ ಗಡುವನ್ನು ಅಳಿಸಿ ಹೊಸದನ್ನು ಇಡುತ್ತದೆ. ಬೆರಳು ನಿಂತು, ಗಡುವು ಪೂರ್ತಿಯಾಗಿ ಕಳೆದಾಗ ಮಾತ್ರ ಒಮ್ಮೆ ಕೆಲಸ ಮಾಡುತ್ತದೆ. ಆದರೆ ಪ್ರಯಾಣಿಕರು ಬರುತ್ತಲೇ ಇದ್ದರೆ ಬಸ್ಸು ಹೊರಡುವುದೇ ಇಲ್ಲವಲ್ಲ! ಆದುದರಿಂದ ಒಟ್ಟಾರೆ ಇಷ್ಟು ಹೊತ್ತಿಗಿಂತ ಹೆಚ್ಚು ಕಾಯಬಾರದೆಂಬ ಕೊನೆಯ ಮಿತಿಯನ್ನೂ ವಿಧಿಸುವುದುಂಟು. ಇದಕ್ಕೆ ಸೋದರಸಮಾನವಾದ ಇನ್ನೊಂದು ಕ್ರಮವೆಂದರೆ ಥ್ರಾಟ್ಲಿಂಗ್. ಅದರಲ್ಲಿ ಎಷ್ಟೇ ಸುದ್ದಿಗಳು ಬರಲಿ, ಗೊತ್ತಾದ ಅವಧಿಗೆ ಒಂದೇ ಸಲ ಕೆಲಸ; ಜನ ಬರಲಿ ಬಿಡಲಿ, ವೇಳಾಪಟ್ಟಿಯಂತೆ ಹೊರಡುವ ಬಸ್ಸಿನ ಹಾಗೆ.

ಕನ್ನಡವನ್ನು ಬೆರಳಚ್ಚಿಸುವವರಿಗೆ ಇದರ ಅಗತ್ಯ ಇನ್ನೂ ಚೆನ್ನಾಗಿ ಮನವರಿಕೆಯಾಗುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮದಲ್ಲಿ ‘ತಾಳ್ಮೆ’ ಎಂಬ ಪದಕ್ಕೆ ಆರು ಒತ್ತುಗಳು ಬೇಕು. ಮೊದಲು ತ, ಬಳಿಕ ದೀರ್ಘ, ಬಳಿಕ ಳ, ಬಳಿಕ ಅರ್ಧಾಕ್ಷರದ ಚಿಹ್ನೆ, ಬಳಿಕ ಮ, ಕೊನೆಗೆ ಎತ್ವ. ಪರದೆಯ ಮೇಲೆ ಕ್ರಮವಾಗಿ ತ, ತಾ, ತಾಳ, ತಾಳ್, ತಾಳ್ಮ, ತಾಳ್ಮೆ ಎಂದು ಮೂಡುತ್ತದೆ. ದುಡುಕುವ ಯಂತ್ರವು ಮೂರನೆಯ ಒತ್ತಿನಲ್ಲೇ ಹುಡುಕಲು ಓಡಿದರೆ, ತಾಳ್ಮೆಯ ಬಗ್ಗೆ ಕೇಳಬಂದವನ ಮುಂದೆ ಸಂಗೀತದ ತಾಳ, ಯಕ್ಷಗಾನದ ತಾಳ, ಕಂಚಿನ ತಾಳಗಳನ್ನು ತಂದು ಸುರಿಯುತ್ತದೆ. ಅವನು ಬರೆದದ್ದನ್ನು ಅದು ತಪ್ಪಾಗಿ ಓದಲಿಲ್ಲ. ಬರೆದು ಮುಗಿಸಲು ಬಿಡಲಿಲ್ಲ, ಅಷ್ಟೆ. ಅರ್ಧ ಮಾತನ್ನು ಪೂರ್ಣ ಮಾತೆಂದು ತಿಳಿಯುವುದೂ ಒಂದು ಬಗೆಯ ಅಸತ್ಯವೇ ಆಗಿದೆ.

ದುಡುಕಿಗೆ ಬೆಲೆಯೂ ಉಂಟು. ಒಂದು ಸಾವಿರ ಜನರು ತಲಾ 20 ಒತ್ತುಗಳ ಒಂದೊಂದು ಪದಗುಚ್ಛವನ್ನು ಹುಡುಕಿದರೆಂದು ಭಾವಿಸೋಣ. ಪ್ರತಿ ಒತ್ತಿಗೂ ಬೇಡಿಕೆ ಹೋದರೆ ಸರ್ವರಿಗೆ 20,000 ಬೇಡಿಕೆಗಳು ಸಲ್ಲುತ್ತವೆ. ಬರೆದು ಮುಗಿಯುವವರೆಗೆ ಕಾದರೆ ಒಂದು ಸಾವಿರಕ್ಕೆ ಸಮೀಪ. ಉಳಿದ ಹತ್ತೊಂಬತ್ತು ಸಾವಿರ ಬೇಡಿಕೆಗಳ ವಿದ್ಯುತ್ತು, ಅವುಗಳ ಉತ್ತರವನ್ನು ಹೊತ್ತುತಂದ ಜಾಲ, ಮೊಬೈಲಿನ ಬ್ಯಾಟರಿ, ಬಡವನ ಡೇಟಾ ಹಣ, ಇವೆಲ್ಲವೂ ಯಾರಿಗೂ ಬೇಡವಾದ ಉತ್ತರಗಳಿಗಾಗಿ ವ್ಯಯವಾದವು. ಪುಟವನ್ನು ಸರಿಸುವಾಗಿನ ಸುದ್ದಿಗಳಂತೂ ಇನ್ನೂ ದಟ್ಟವಾಗಿರುತ್ತವೆ. 2011ರ ಜನವರಿಯಲ್ಲಿ ಟ್ವಿಟರ್ ತಾಣದ ಪುಟಗಳು ಸರಿಸುವಾಗ ತಡವರಿಸತೊಡಗಿದ್ದವು. ಜೆಕ್ವೆರಿ ತಂತ್ರಾಂಶದ ಕರ್ತೃ ಜಾನ್ ರೆಸಿಗ್ ಅವರು ಅದರ ಕಾರಣವನ್ನು ವಿವರಿಸಿ ಬರೆದರು: ಪುಟವು ಎಳ್ಳಷ್ಟು ಸರಿದಾಗಲೂ ಒಂದು ಭಾರವಾದ ಕೆಲಸ ನಡೆಯುತ್ತಿತ್ತು. ಸರಿದದ್ದನ್ನು ಗುರುತುಹಾಕಿಕೊಂಡು, 250 ಮಿಲಿಸೆಕೆಂಡಿಗೊಮ್ಮೆ ಮಾತ್ರ ನೋಡಿ ಕೆಲಸ ಮಾಡಿದರೆ ಸಾಕೆಂಬುದು ಅವರು ಸೂಚಿಸಿದ ಪರಿಹಾರ.

ಇಷ್ಟನ್ನು ಓದಿದವರಿಗೆ, 300 ಮಿಲಿಸೆಕೆಂಡು ಕಾಯುವುದೊಂದನ್ನು ಕಲಿಸಿದರೆ ಯಂತ್ರವು ಸಭ್ಯವಾಗುತ್ತದೆಂದು ತೋರಬಹುದು. ಆದರೆ ಆ 300 ಯಾರ ಅಳತೆ ಎಂದು ಕೇಳಬೇಕು. ನಿಮಿಷಕ್ಕೆ 40 ಇಂಗ್ಲಿಷ್ ಪದಗಳನ್ನು ಬೆರಳಚ್ಚಿಸುವವನು, ಪದಕ್ಕೆ ಐದರಂತೆ ಲೆಕ್ಕ ಹಾಕಿದರೆ, ನಿಮಿಷಕ್ಕೆ 200 ಕೀಲಿಗಳನ್ನು ಒತ್ತುತ್ತಾನೆ. ಒಂದು ಕೀಲಿಯಿಂದ ಇನ್ನೊಂದಕ್ಕೆ 300 ಮಿಲಿಸೆಕೆಂಡು. ಅವನಿಗಿಂತ ವೇಗವಾಗಿ ಬರೆಯುವವನಿಗೆ ಮಾತ್ರ ಈ ಗಡುವು ನಿಜವಾದ ಕಾಯುವಿಕೆ. ಅವನ ಅರ್ಧ ವೇಗದಲ್ಲಿ ಬರೆಯುವವನಿಗೆ ಕೀಲಿಗಳ ನಡುವೆ 600 ಮಿಲಿಸೆಕೆಂಡುಗಳ ಅಂತರವಿರುತ್ತದೆ. ಅವನ ಪಾಲಿಗೆ ಯಂತ್ರವು ಕಾಯುವುದೇ ಇಲ್ಲ; ಅವನ ಪ್ರತಿ ಅಕ್ಷರವನ್ನೂ ಮಾತಿನ ಕೊನೆಯೆಂದೇ ಎಣಿಸುತ್ತದೆ. ಒಂದೇ ಬೆರಳಿನಿಂದ, ಕನ್ನಡಕವನ್ನು ಸರಿಪಡಿಸಿಕೊಳ್ಳುತ್ತ, ಒತ್ತಕ್ಷರದ ಕೀಲಿಯನ್ನು ಹುಡುಕುತ್ತ ಬರೆಯುವ ಅಜ್ಜನಿಗೆ ಪರದೆಯು ಪ್ರತಿ ಕ್ಷಣವೂ ಕದಲುತ್ತದೆ. ಮುಟ್ಟಬೇಕೆಂದಿದ್ದ ಸಾಲು ಬೆರಳು ತಲಪುವಷ್ಟರಲ್ಲಿ ಕೆಳಗೆ ಸರಿದು, ಬೇರೊಂದು ಸಾಲಿನ ಮೇಲೆ ಬೆರಳು ಬೀಳುತ್ತದೆ. ತಂತ್ರಾಂಶವನ್ನು ಬರೆದ ತರುಣನ ಬೆರಳಿಗೆ ಸರಿಹೊಂದಿದ ಸೌಜನ್ಯವು ಅಜ್ಜನ ಪಾಲಿಗೆ ದುಡುಕಾಗಿ ಪರಿಣಮಿಸಿತು. ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಅಳತೆಯನ್ನು ಗೊತ್ತುಮಾಡಲಾಯಿತೋ ಅವರಿಗೆ ಮಾತ್ರ ಅದು ನ್ಯಾಯವಾಗಿರುತ್ತದೆ.

ಈ ವಿಷಯದಲ್ಲಿ ಹಳೆಯದೊಂದು ಏರ್ಪಾಡು ಇಂದಿನ ತಾಣಗಳಿಗಿಂತ ಹೆಚ್ಚು ವಿವೇಕವುಳ್ಳದ್ದೆನ್ನಬಹುದು. ಪಾರ್ಕಿನ್ಸನ್ ಮುಂತಾದ ಕಾಯಿಲೆಗಳಿಂದ ಕೈನಡುಕವುಳ್ಳವರು ಒಂದು ಕೀಲಿಯನ್ನು ಒತ್ತಬಯಸಿದಾಗ ಬೆರಳು ತಾನಾಗಿ ಎರಡು ಮೂರು ಸಲ ಬೀಳುವುದುಂಟು. ಅಂತಹವರಿಗಾಗಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಟ್ರೇಸ್ ಕೇಂದ್ರದವರು ರೂಪಿಸಿದ ಸೌಲಭ್ಯಗಳು 1995ರ ವಿಂಡೋಸ್‌ನಲ್ಲಿಯೇ ಸೇರಿದ್ದವು. ಅವುಗಳಲ್ಲಿ ಒಂದು, ಅದೇ ಕೀಲಿಯು ಅಲ್ಪ ಕಾಲದಲ್ಲಿ ಮತ್ತೆ ಒತ್ತಲ್ಪಟ್ಟರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇನ್ನೊಂದು, ಕೀಲಿಯನ್ನು ತುಸು ಹೊತ್ತು ಹಿಡಿದಿದ್ದರೆ ಮಾತ್ರ ಒಪ್ಪಿಕೊಳ್ಳುತ್ತದೆ. ಲೋಹದ ಕಂಪನಕ್ಕೆ ತೋರಿದ ತಿಳಿವಳಿಕೆಯನ್ನೇ ಇಲ್ಲಿ ಮನುಷ್ಯದೇಹದ ಕಂಪನಕ್ಕೂ ತೋರಲಾಗಿದೆ. ಇದಕ್ಕಿಂತ ಮುಖ್ಯವಾದುದೇನೆಂದರೆ, ಆ ಅವಧಿ ಎಷ್ಟಿರಬೇಕೆಂಬುದನ್ನು ಯಂತ್ರವನ್ನು ಮಾಡಿದವರು ವಿಧಿಸದೆ ಬಳಸುವವರ ಕೈಗೇ ಒಪ್ಪಿಸಲಾಯಿತು. ತನ್ನ ಕೈ ಎಷ್ಟು ನಡುಗುತ್ತದೆಂಬುದು ಆ ಕೈಯುಳ್ಳವನಿಗಲ್ಲದೆ ಮತ್ತಾರಿಗೆ ತಿಳಿದೀತು?

ಕಾಯುವಿಕೆಯು ಒಳ್ಳೆಯದೆಂದ ಮಾತ್ರಕ್ಕೆ ಹೆಚ್ಚು ಕಾದಷ್ಟೂ ಒಳ್ಳೆಯದೆಂದಲ್ಲ. ರಾಬರ್ಟ್ ಮಿಲ್ಲರ್ ಅವರು 1968ರಲ್ಲಿ ಗಣಕಯಂತ್ರದ ಉತ್ತರಕ್ಕೆ ಮನುಷ್ಯನು ಎಷ್ಟು ಹೊತ್ತು ಕಾಯಬಲ್ಲನೆಂಬ ವಿಷಯವನ್ನು ವಿವೇಚಿಸಿದರು. 1993ರಲ್ಲಿ ಜೇಕಬ್ ನೀಲ್ಸನ್ ಅವರು ಅದನ್ನು ಮೂರು ಮಿತಿಗಳಾಗಿ ಸಂಗ್ರಹಿಸಿದರು. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಬಂದ ಉತ್ತರವು ತತ್‌ಕ್ಷಣದ್ದೆನಿಸುತ್ತದೆ. ಒಂದು ಸೆಕೆಂಡಿನವರೆಗೆ ಯೋಚನೆಯ ಎಳೆ ಕಡಿಯುವುದಿಲ್ಲ. ಹತ್ತು ಸೆಕೆಂಡು ಮೀರಿದರೆ ಗಮನವೇ ಬೇರೆಡೆಗೆ ಹೋಗುತ್ತದೆ. ಅತಿಯಾದ ಕಾಯುವಿಕೆಗೆ ಮೊಬೈಲಿನ ಚರಿತ್ರೆಯಲ್ಲೇ ನಿದರ್ಶನವಿದೆ. 2007ರಲ್ಲಿ ಐಫೋನ್ ಬಂದಾಗ ಅಂತರಜಾಲದ ಪುಟಗಳೆಲ್ಲ ದೊಡ್ಡ ಪರದೆಗಾಗಿ ರಚಿತವಾದವು. ಎರಡು ಸಲ ತಟ್ಟಿದರೆ ಪುಟವು ಹಿಗ್ಗುವ ಸೌಲಭ್ಯವನ್ನು ಅದರಲ್ಲಿ ಕೊಡಲಾಯಿತು. ಒಮ್ಮೆ ತಟ್ಟಿದವನು ಎರಡನೆಯ ಸಲವೂ ತಟ್ಟುವನೋ ಎಂದು ತಿಳಿಯಲು ಯಂತ್ರವು ಪ್ರತಿ ತಟ್ಟಿಗೂ ಸುಮಾರು 300 ಮಿಲಿಸೆಕೆಂಡು ಕಾಯಬೇಕಾಯಿತು. ಚಿಕ್ಕ ಪರದೆಗೆಂದೇ ಪುಟಗಳನ್ನು ರಚಿಸತೊಡಗಿದ ಮೇಲೆ ಆ ಸೌಲಭ್ಯ ಬಹುತೇಕ ಅನಗತ್ಯವಾಯಿತು. ಕಾಯುವಿಕೆ ಮಾತ್ರ ಉಳಿದುಕೊಂಡಿತು. ಚಿಕ್ಕ ಪರದೆಗೆ ಹೊಂದಿಸಿದ ಪುಟಗಳ ಮಟ್ಟಿಗೆ ಕ್ರೋಮ್ ಬ್ರೌಸರು ಅದನ್ನು 2014ರಲ್ಲಿ ಕೈಬಿಟ್ಟಿತು, ಐಫೋನಿನ ಸಫಾರಿ 2016ರಲ್ಲಿ. ಕಾರಣವು ಹೋದ ಮೇಲೂ ಆಚರಣೆಯು ಉಳಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ದೊರೆಯುವುದು ಕಷ್ಟ.

ಹಾಗಾದರೆ ದುಡುಕಿಗೂ ಉದಾಸೀನಕ್ಕೂ ನಡುವಣ ಹಾದಿ ಯಾವುದು? ಅನುಭವಿಗಳು ಕಂಡುಕೊಂಡ ಉತ್ತರ ಸರಳವಾಗಿದೆ: ಕೇಳಿಸಿತೆಂಬುದನ್ನು ಕೂಡಲೇ ತಿಳಿಸಬೇಕು, ಕೆಲಸವನ್ನು ಮಾತ್ರ ಕಾದು ಮಾಡಬೇಕು. ಒತ್ತಿದ ಅಕ್ಷರವು ಪರದೆಯಲ್ಲಿ ಆ ಕ್ಷಣವೇ ಮೂಡಬೇಕು. ಅದಕ್ಕೆ ಡಿಬೌನ್ಸಿಂಗ್ ಸಲ್ಲದು. ಆ ಅಕ್ಷರದಿಂದ ಹುಟ್ಟುವ ಹುಡುಕಾಟ, ಉಳಿಸುವಿಕೆ, ತಪ್ಪೊಪ್ಪುಗಳ ಪರೀಕ್ಷೆ ಕಾಯಬಹುದು. ಇಮೇಲ್ ವಿಳಾಸದ ಮೊದಲ ಅಕ್ಷರವನ್ನು ಬರೆಯುತ್ತಿದ್ದಂತೆಯೇ ವಿಳಾಸವು ತಪ್ಪೆಂದು ಕೆಂಪಕ್ಷರದಲ್ಲಿ ಗದರಿಸುವ ನಮೂನೆಗಳು ಅಂಕಣದಲ್ಲಿ ಕಾಣಸಿಗುತ್ತವೆ. ಬರೆದು ಮುಗಿಸದವನನ್ನು ತಪ್ಪಿತಸ್ಥನೆನ್ನುವುದು ಯಾವ ನ್ಯಾಯ? ಕಣ್ಣು ಕಾಣದವರು ಪರದೆಯನ್ನು ಧ್ವನಿಯ ಮೂಲಕ ಓದಿಸಿಕೊಳ್ಳುವಾಗ ಇಂತಹ ಗದರಿಕೆಗಳು ಒಂದರ ಮೇಲೊಂದು ಬಂದು, ಅವರು ಬರೆಯುತ್ತಿರುವ ಅಕ್ಷರವೇ ಅವರಿಗೆ ಕೇಳಿಸದಂತಾಗುತ್ತದೆ. ಅಲ್ಲಿ ಒಂದು ಕ್ಷಣದ ಮೌನವು ಅನುಕೂಲವಷ್ಟೇ ಅಲ್ಲ, ಬಳಕೆಯ ಸಾಧ್ಯತೆಯೇ ಆಗಿರುತ್ತದೆ.

ಇನ್ನು ಮೊದಲಿನ ಪ್ರಶ್ನೆಯ ಕಠಿಣ ಭಾಗಕ್ಕೆ ಬರಬಹುದು. ಬರೆಯುತ್ತಿದ್ದ ಬೆರಳು ನಿಂತರೆ ಪದವು ಮುಗಿದಿರಬಹುದೆಂದು ಊಹಿಸುವುದು ಸರಿ. ಆ ಊಹೆಯಿಂದ ಹುಡುಕಾಟದ ಪಟ್ಟಿಯೊಂದನ್ನು ತೋರಿಸಿದರೆ, ಊಹೆ ತಪ್ಪಾದರೂ ಹೆಚ್ಚಿನ ಹಾನಿಯಿಲ್ಲ. ಆದರೆ ಬೆರಳು ನಿಂತಿತೆಂಬ ಕಾರಣಕ್ಕೆ ಬರೆದದ್ದನ್ನು ಬೇರೆಯವರಿಗೆ ಕಳುಹಿಸಿಬಿಡಬಹುದೆ? ಸಂಶೋಧಕರ ತಂಡವೊಂದು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಗತ್ತಿನ ಹೆಚ್ಚು ಜನಪ್ರಿಯವಾದ ಒಂದು ಲಕ್ಷ ತಾಣಗಳನ್ನು ಪರೀಕ್ಷಿಸಲಾಯಿತು. ನಮೂನೆಯಲ್ಲಿ ಬರೆದ ಇಮೇಲ್ ವಿಳಾಸವು, ಸಲ್ಲಿಸುವ ಗುಂಡಿಯನ್ನು ಒತ್ತುವ ಮೊದಲೇ, ಜನರ ಜಾಡು ಹಿಡಿಯುವ ಮೂರನೆಯ ಸಂಸ್ಥೆಗಳಿಗೆ ರವಾನೆಯಾಗುತ್ತಿದ್ದುದು ಕಂಡುಬಂದಿತು. ಐರೋಪ್ಯ ಒಕ್ಕೂಟದಿಂದ ನೋಡಿದಾಗ ಅಂತಹ ತಾಣಗಳು 1,844. ಅಮೆರಿಕದಿಂದ ನೋಡಿದಾಗ 2,950. ಅಲ್ಲಿ ಬರೆದವನು ಮನಸ್ಸು ಬದಲಿಸಿ ವಿಳಾಸವನ್ನು ಅಳಿಸಿ ಹೋಗಿದ್ದರೂ ಅದು ಆಗಲೇ ಕೈಬಿಟ್ಟುಹೋಗಿರುತ್ತಿತ್ತು.

ಮನಸ್ಸು ಬದಲಿಸುವುದು ಅಪರೂಪದ ಸಂಗತಿಯೂ ಅಲ್ಲ. 2013ರಲ್ಲಿ ಸೌವಿಕ್ ದಾಸ್ ಮತ್ತು ಆಡಮ್ ಕ್ರೇಮರ್ ಅವರು ಫೇಸ್‌ಬುಕ್ ಬಳಸುವ 39 ಲಕ್ಷ ಜನರ 17 ದಿನಗಳ ವರ್ತನೆಯನ್ನು ಆಧರಿಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಅವರಲ್ಲಿ ಶೇಕಡ 71ರಷ್ಟು ಜನರು ಒಮ್ಮೆಯಾದರೂ ಏನನ್ನೋ ಬರೆದು, ಪ್ರಕಟಿಸದೆ ಬಿಟ್ಟಿದ್ದರು. ಏನು ಬರೆದರೆಂಬುದನ್ನು ಆ ಅಧ್ಯಯನವು ದಾಖಲಿಸಲಿಲ್ಲ. ಬರೆದು ಬಿಟ್ಟರೆಂಬುದನ್ನಷ್ಟೇ ಎಣಿಸಿತು. ಕೋಪದಲ್ಲಿ ಬರೆದು ಅಳಿಸಿದ ಒಂದು ಮಾತು, ಕೇಳಬೇಕೆಂದು ಬರೆದು ನಾಚಿಕೆಯಿಂದ ತಡೆಹಿಡಿದ ಒಂದು ಪ್ರಶ್ನೆ, ಇವು ಅವನ ಸಂಯಮದ ಫಲ. ತುಟಿಯವರೆಗೆ ಬಂದ ಮಾತನ್ನು ನುಂಗಿಕೊಳ್ಳುವುದು ಮನುಷ್ಯನ ದೊಡ್ಡ ಸ್ವಾತಂತ್ರ್ಯಗಳಲ್ಲಿ ಒಂದು. ಬರೆಯುತ್ತಿರುವಾಗಲೇ ಕದ್ದು ಓದುವ ಯಂತ್ರವು ಆ ಸ್ವಾತಂತ್ರ್ಯವನ್ನು ಅವನಿಗೆ ತಿಳಿಯದಂತೆ ಕಸಿದುಕೊಳ್ಳುತ್ತದೆ. ವಿರಾಮವು ವಿರಾಮವಷ್ಟೇ; ಅದು ಸಮ್ಮತಿಯಲ್ಲ.

ಹಣದ ವ್ಯವಹಾರದಲ್ಲಿ ಈ ಭೇದವು ಇನ್ನೂ ಸ್ಪಷ್ಟವಾಗಬೇಕು. ಪಾವತಿಯ ಗುಂಡಿಗೆ ಬೇರೆಯೇ ಕ್ರಮವಿದೆ: ಅಲ್ಲಿ ಕೊನೆಯ ಒತ್ತಿಗೆ ಕಾಯದೆ, ಮೊದಲ ಒತ್ತನ್ನು ಒಡನೆಯೇ ಒಪ್ಪಿಕೊಂಡು, ಗುಂಡಿಯನ್ನು ಮುಚ್ಚಿ, ಕೆಲಸ ನಡೆಯುತ್ತಿದೆಯೆಂದು ತಿಳಿಸಿ, ಮುಂದಿನವುಗಳನ್ನು ತಿರಸ್ಕರಿಸಬೇಕು. ಆದರೂ ಇದೊಂದರಿಂದಲೇ ನಿಶ್ಚಿಂತರಾಗುವಂತಿಲ್ಲ. ಜಾಲವು ದುರ್ಬಲವಾಗಿರುವ ಹಳ್ಳಿಯಲ್ಲಿ ಒಬ್ಬನು ಗುಂಡಿಯನ್ನೊತ್ತಿ, ಉತ್ತರ ಬಾರದೆ ಗಾಬರಿಗೊಂಡು, ಪುಟವನ್ನು ಮತ್ತೆ ತೆರೆದು ಒತ್ತಿದರೆ ಮಿಲಿಸೆಕೆಂಡುಗಳ ಗಡುವು ಅವನನ್ನು ಕಾಪಾಡಲಾರದು. ಪ್ರತಿ ಪಾವತಿಗೂ ಒಂದು ಗುರುತುಸಂಖ್ಯೆಯನ್ನು ಕೊಟ್ಟು, ಅದೇ ಸಂಖ್ಯೆಯು ಎರಡನೆಯ ಸಲ ಬಂದರೆ ಹಣವನ್ನು ಮತ್ತೆ ತೆಗೆದುಕೊಳ್ಳದಂತೆ ಸರ್ವರಿನಲ್ಲಿಯೇ ಏರ್ಪಾಡಿರಬೇಕು. ಬಾಗಿಲಲ್ಲಿ ಕಾವಲುಗಾರನಿದ್ದಾನೆಂದು ಖಜಾನೆಯವನು ಲೆಕ್ಕ ಬರೆಯುವುದನ್ನು ಬಿಡಬಾರದು. ಹಾಗೆಯೇ, ತಡವಾಗಿ ಬಂದ ಹಳೆಯ ಉತ್ತರವು ಹೊಸ ಉತ್ತರದ ಮೇಲೆ ಕೂರದಂತೆ ನೋಡಿಕೊಳ್ಳಬೇಕು; ಬರೆದದ್ದನ್ನು ಉಳಿಸಲು ಗಡುವು ಕಾಯುತ್ತಿರುವಾಗ ಪುಟವನ್ನು ಮುಚ್ಚಿದರೆ ಕೊನೆಯ ಸಾಲು ನಷ್ಟವಾಗದಂತೆ ಅದನ್ನು ಆಗಲೇ ಉಳಿಸಬೇಕು. ಕಾಯುವೆನೆಂದು ಹೊಣೆ ಹೊತ್ತವನು ಕಾಯುತ್ತಿದ್ದಾಗ ಆದ ನಷ್ಟಕ್ಕೂ ಹೊಣೆಗಾರನೇ.

ಶಾಲೆಗಳು, ಸಹಕಾರ ಸಂಘಗಳು, ದತ್ತಿ ಸಂಸ್ಥೆಗಳು ಇಂದು ತಮ್ಮ ತಮ್ಮ ತಾಣಗಳನ್ನು ಮಾಡಿಸುತ್ತಿವೆ. ಅವುಗಳ ಆಡಳಿತ ಮಂಡಲಿಯವರು ತಂತ್ರಾಂಶದ ಭಾಷೆಯನ್ನು ಕಲಿಯಬೇಕಿಲ್ಲ. ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಸಾಕು. ಒಂದೇ ಬೆರಳಿನಿಂದ ನಿಧಾನವಾಗಿ ಬರೆಯುವ ಹಿರಿಯರೊಬ್ಬರನ್ನು ಕೂರಿಸಿ ಈ ಪುಟವನ್ನು ಪರೀಕ್ಷಿಸಲಾಗಿದೆಯೆ? ಕೊಡುವ ಗುಂಡಿಯನ್ನು ಎರಡು ಸಲ, ಪುಟವನ್ನು ಮತ್ತೆ ತೆರೆದು ಮೂರನೆಯ ಸಲ ಒತ್ತಿದರೆ ಹಣವು ಒಮ್ಮೆ ಮಾತ್ರ ಹೋಗುತ್ತದೆಯೆ? ಸಲ್ಲಿಸುವ ಮೊದಲು ಬರೆದವನ ಒಂದಕ್ಷರವಾದರೂ ಹೊರಗಿನವರಿಗೆ ಸಲ್ಲುತ್ತಿದೆಯೆ? ಕನ್ನಡದಲ್ಲಿ ಬರೆದಾಗ ಅರ್ಧ ಪದಕ್ಕೇ ಉತ್ತರ ಬರುತ್ತಿದೆಯೆ? ಈ ನಾಲ್ಕಕ್ಕೂ ನೇರವಾದ ಉತ್ತರ ಕೊಡಬಲ್ಲವನಿಗೆ ಕೆಲಸವನ್ನು ಒಪ್ಪಿಸಬಹುದು. ತಾಣವು ಎಷ್ಟು ಚೆಲುವಾಗಿದೆಯೆಂಬುದನ್ನು ಆಮೇಲೆ ನೋಡಬಹುದು.

ಯಂತ್ರಕ್ಕೆ ತನ್ನದೇ ಆದ ತಾಳ್ಮೆಯಿಲ್ಲ, ದುಡುಕೂ ಇಲ್ಲ. ಅದರಲ್ಲಿ ಕಾಣುವುದೆಲ್ಲ ಅದನ್ನು ಬರೆದವನ, ಬರೆಸಿದವನ ಗುಣವೇ. ಒಂದು ಸೆಕೆಂಡಿನ ಮೂರನೆಯ ಒಂದು ಭಾಗವು ಲೋಕದ ವ್ಯವಹಾರದಲ್ಲಿ ಲೆಕ್ಕಕ್ಕೆ ಬಾರದ ಕಾಲ. ಆದರೂ ನಡುಗುವ ಕೈಯನ್ನು ಅರ್ಥಮಾಡಿಕೊಳ್ಳುವುದಕ್ಕೆ ಅಥವಾ ಅವಮಾನಿಸುವುದಕ್ಕೆ, ಮಾತನ್ನು ಪೂರ್ತಿ ಕೇಳುವುದಕ್ಕೆ ಅಥವಾ ಕದಿಯುವುದಕ್ಕೆ ಅಷ್ಟು ಕಾಲ ಧಾರಾಳವಾಗಿ ಸಾಕು.